ಎಮ್ಮೆಯದೋ, ಬುಗ್ಗಮ್ಮನದೋ

ಹುಸೇನಮ್ಮ ಹಸಿರು ಬಳೆಯ ಕಟ್ಟಿನ ದಾರ ಬಿಚ್ಚಿದಳು. ಬಿಚ್ಚಿದವಳು ತೊಡಿಸಬೇಕಲ್ಲ, ತೊಡಿಸಲಿಲ್ಲ. ಪಕ್ಕದವಳ ಕೈಗೆ ಕೊಟ್ಟಳು. ಪಕ್ಕದವಳಿಗೆ ಆಗಲೇ ಸೊಂಟ ಹಿಡಿಯಿತು, ಮುಂದಿನವಳಿಗೆ ದಾಟಿಸಿದಳು. ಆ ಮುಂದಿನವಳಿಗೆ ಕಣ್ಣೀರು ಒರೆಸಿಕೊಳ್ಳುವ ಕೆಲಸ ಬಂತು. ಹೀಗೆ ಬಳೆಗಳು ಕೂತ ಹೆಂಗಸರನ್ನೆಲ್ಲ ಸುತ್ತಿ, ಕೊನೆಗೆ ಸೊಸೆ ಸುನಿತಾಳ ಮಡಿಲಿಗೆ ಬಂದು ಬಿದ್ದವು.

ಎದುರಿಗೆ, ಗೋಡೆಗೆ ಆನಿಸಿ ಕೂರಿಸಿದ್ದ ಬುಗ್ಗಮ್ಮ ಹೊಸ ಸೀರೆ ಉಟ್ಟು, ಹಣೆ ತುಂಬ ದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚಿಸಿಕೊಂಡು, ಇನ್ನೇನು ಏನೋ ಕೇಳಿಬಿಡುವವಳಂತೆ ಕುಳಿತಿದ್ದಳು. ಕೈಗಳನ್ನು ಮಾತ್ರ ಸೆರಗಿನಿಂದ ಮುಚ್ಚಿದ್ದರು. ಎರಡೂ ಕೈಯ ಬೆರಳುಗಳ ಮೇಲೆ, ಗೆಣ್ಣುಗಳ ಸುತ್ತ, ಕಡಲೆ ಕಾಳಿನಷ್ಟು ದಪ್ಪದ ನರಹುಲಿಗಳು. ಬೆಳಿಗ್ಗೆ ಮೈ ತೊಳೆಯುವಾಗಲೂ ಆ ಕೈಗಳಿಗೆ ಚೊಂಬಿನಿಂದ ದೂರ ನಿಂತೇ ನೀರು ಸುರಿದಿದ್ದರು.

ಮುತ್ತೈದೆ ಸತ್ತರೆ ಕೈತುಂಬ ಹಸಿರು ಬಳೆ ತೊಡಿಸದೆ ಮಣ್ಣಿಗೆ ಕಳಿಸುವುದುಂಟೇ? ಬುಗ್ಗಮ್ಮನ ಗಂಡ ಯಂಕಣ್ಣ ಹೊರಗೆ ಕಟ್ಟೆಯ ಮೇಲೆ ಗುಂಡುಕಲ್ಲಿನಂತೆ ಕೂತಿದ್ದ. ಆದರೆ ಬಳೆ ತೊಡಿಸಬೇಕೆಂದರೆ ಕೈ ಹಿಡಿಯಬೇಕು, ಬೆರಳು ಅಮುಕಬೇಕು. ಬುಗ್ಗಮ್ಮನ ಕೈ ಮುಟ್ಟಿದರೆ ನರಹುಲಿ ಬರುತ್ತದೆ, ಮುಟ್ಟಿದವರು ಹಾಲು ಹಿಂಡಿದರೆ ಎಮ್ಮೆಯ ಕೆಚ್ಚಲಿಗೂ ಹತ್ತುತ್ತದೆ ಎಂದು ಊರೆಲ್ಲ ನಂಬಿತ್ತು. ಸುನಿತಾಳ ಎಮ್ಮೆಗೆ ಹೋದ ವರ್ಷ ಹತ್ತಿಯೂ ಇತ್ತು. ಆಗ ಹಾಲು ಕೊಳ್ಳುವವರು ಇವರ ಮನೆಯ ಕಡೆ ತಲೆ ಹಾಕಿರಲಿಲ್ಲ. ಆ ಹಾಲಿನಿಂದಲೇ ಈ ಮನೆಯ ಒಲೆ ಉರಿಯುತ್ತಿತ್ತು.

"ಸೊಸಿ ನೀನು. ನೀನ ಹಾಕವ್ವ," ಅಂದಳು ಹುಸೇನಮ್ಮ.

"ದಿನಾ ಹಾಲು ಹಿಂಡಾಕಿ ನಾನ ಅಲ್ಲೇನು ಚಿಗವ್ವ? ಮತ್ತ ಎಮ್ಮಿಗೆ ಹತ್ತಿದ್ರ ಏನು ಮಾಡ್ಲಿ?"

"ಹಂಗಾರ ಬಿಡು. ಉಡ್ಯಾಗ ಇಟ್ಟು ಕಳಸಾಮು. ದೇವರೇನು ಆಕಿ ಕೈ ಹಿಡಿದು ನೋಡ್ತಾನೇನು?"

ಸುನಿತಾ ಮಡಿಲಲ್ಲಿದ್ದ ಬಳೆಗಳನ್ನು ನೋಡಿದಳು. ಗಂಡ ಇದ್ದವಳನ್ನು ಬರಿಗೈಯಲ್ಲಿ ಕಳಿಸುವುದೆಂದರೇನು? ಅತ್ತೆಯ ಮೇಲೆ ಅವಳಿಗೆ ಪ್ರೀತಿ ಇತ್ತು. ಹೆದರಿಕೆ ಅದಕ್ಕಿಂತ ಒಂದು ಹಿಡಿ ಜಾಸ್ತಿ ಇತ್ತು.

ಹೊರಗೆ ಗಂಡಸರು ದನಿ ತಗ್ಗಿಸಿ, ನಡುರಾತ್ರಿ ಹುಟ್ಟಿದ ಹೊಸ ರಾಜ್ಯದ ಮಾತಾಡುತ್ತಿದ್ದರು. ಬೆಳಗಿನ ಪಟಾಕಿಯನ್ನು ಊರಿನವರು ಸಾವಿನ ಮನೆಯ ಮರ್ಯಾದೆಗೆ ಅರ್ಧಕ್ಕೇ ನಿಲ್ಲಿಸಿದ್ದರು.

"ಆಂಧ್ರದಾಗ ಮಲಗಿದಾಕಿ ತೆಲಂಗಾಣದಾಗ ಸತ್ತಳು ನೋಡ್ರಿ," ಎಂದ ಯಂಕಣ್ಣ. "ಎದ್ದಿದ್ರ ಮದಲು ನನ್ನ ಕೇಳಾಕಿ, ಯಾವ ಹೊತ್ತಿಗೆ ದಾಟಿದ್ವಿ, ನನ್ನ ಯಾಕ ಎಬ್ಬಿಸಲಿಲ್ಲ ಅಂತ."

* * *

ಕೇಳುವುದು ಬುಗ್ಗಮ್ಮನ ಹುಟ್ಟುಗುಣ. ಹೋದ ವರ್ಷ ಎಮ್ಮೆಯ ಕೆಚ್ಚಲಿಗೆ ಗಂಟು ಎದ್ದಾಗ ನಾರಾಯಣಪೇಟೆಯ ಕಾವ್ಯ ಬಂದಿದ್ದಳು. ದನದ ಡಾಕ್ಟರಿಕೆ ಓದಿ, ದನ ಎಮ್ಮೆಗಳ ನರಹುಲಿಯ ಮೇಲೆಯೇ ಸಂಶೋಧನೆ ಮಾಡುತ್ತಿದ್ದವಳು. ಒಂದು ಗಂಟನ್ನು ಕತ್ತರಿಸಿ ಸಣ್ಣ ಸೀಸೆಗೆ ಹಾಕಿಕೊಂಡಳು. ಕೊಟ್ಟಿಗೆಯೊಳಗೆ ಬರಲು ಬುಗ್ಗಮ್ಮನಿಗೆ ಸೊಸೆಯ ಅಪ್ಪಣೆ ಇರಲಿಲ್ಲ. ಹೊರಗೆ ನಿಂತು ಎಲ್ಲವನ್ನೂ ನೋಡಿ, ಸೆರಗಿನಿಂದ ಕೈ ಹೊರತೆಗೆದು ಚಾಚಿದಳು.

"ಎಮ್ಮೀದು ತಗೊಂಡಿ. ನಂದೂ ತಗೋ ತಾಯಿ. ನಂದು ಅದಕ್ಕ ಹೋತೋ, ಅದರದು ನನಗ ಬಂತೋ, ನೋಡಿ ಹೇಳು."

ಕಾವ್ಯ ಮೊದಲು ನಕ್ಕಳು. ಆಮೇಲೆ ನಗುವುದನ್ನು ಬಿಟ್ಟು ಆ ಕೈಯನ್ನೇ ನೋಡಿದಳು.

"ನೋಡಬಹುದವ್ವ. ಗಂಟು ಎಬ್ಬಿಸೋ ವೈರಸ್ಸಿನೊಳಗ ಒಂದು ಬರಹ ಇರತೈತಿ. ನಾಕ ಅಕ್ಷರ, ಅವೇ ಹಿಂದು ಮುಂದಾಗಿ ಎಂಟು ಸಾವಿರದ ಸುಮಾರು ಬರ್ತಾವು. ಮಷೀನಿನಾಗ ಓದಬಹುದು. ಜಗತ್ತಿನ್ಯಾಗ ಓದಿದೋರೆಲ್ಲ ಓದಿದ್ದನ್ನ ಕಂಪ್ಯೂಟರಿನಾಗ ಕೂಡಿಟ್ಟಾರ. ಮನುಷ್ಯಾರದು, ದನದ್ದು, ಕುದುರಿದು, ಹಕ್ಕಿದು ಸೈತ. ನಿಂದು ಯಾವುದಕ್ಕ ಹೊಂದತೈತಿ ನೋಡೂದು."

"ಅಕ್ಷರ ಕನ್ನಡದವೋ, ತೆಲುಗಿನವೋ?"

"ಎರಡೂ ಅಲ್ಲವ್ವ."

ಬುಗ್ಗಮ್ಮ ತನ್ನ ಕಿವಿ ಮುಟ್ಟಿ ತೋರಿಸಿದಳು. "ಅಂದ್ರ ಕುರಿ ಕಿವಿ ಕುಯ್ದ ಗುರುತಿನಂಗ. ಹಿಂಡು ಕಲತ್ರೂ ಕಿವಿ ನೋಡಿದ್ರ ಯಾರ ಕುರಿ ಅಂತ ತಿಳೀತೈತಲ್ಲ."

"ಹಂಗ ಅನ್ನು."

ಮುಂದಿನ ಸಲ ಕಾವ್ಯ ಚರ್ಮದ ಡಾಕ್ಟರೊಬ್ಬರನ್ನು ಕರೆತಂದಳು. ಅವರು ಬೆರಳಿನ ಗಂಟನ್ನು ಕೆತ್ತಿ ತೆಗೆಯುವಾಗ ಬುಗ್ಗಮ್ಮ ಮುಖ ತಿರುಗಿಸಲಿಲ್ಲ, ಬಗ್ಗಿ ಬಗ್ಗಿ ನೋಡಿದಳು. ಅಂದಿನಿಂದ ಸುನಿತಾಳಿಗೆ ಬಿಡುವಿಲ್ಲ. "ಫೋನು ಹಚ್ಚು, ಬಂತೇನು ಕೇಳು." ಮಷೀನಿಗೆ ಸರದಿ ಇದೆ ಎಂದು ಕಾವ್ಯ ಹೇಳಿದರೆ, "ಪಡಿತರ ಅಂಗಡ್ಯಾಗಿನಂಗ ಅಲ್ಲೂ ಪಾಳಿ ಐತೇನು?" ಎಂದು ಬೆರಗಾಗುತ್ತಿದ್ದಳು. ಮೊನ್ನೆ ಮೊನ್ನೆ ಕಾವ್ಯ, "ಬಂದೈತಿ, ಫೋನಿನಾಗ ಬ್ಯಾಡ, ಎದುರಿಗೆ ಬಂದು ಹೇಳ್ತೀನಿ" ಎಂದಿದ್ದಳು. ಅದನ್ನು ಕೇಳಿದ ಬುಗ್ಗಮ್ಮನಿಗೆ ಊಟ ಸೇರಿರಲಿಲ್ಲ.

* * *

ಹೊಸ ರಾಜ್ಯದ ರಜೆ ಇದೆಯೆಂದು ಕಾವ್ಯ ಹೊರಟಿದ್ದು ಇವತ್ತೇ. ಮಕ್ತಲ್‌ನ ಮೆರವಣಿಗೆಯಲ್ಲಿ ಬಸ್ಸು ಸಿಕ್ಕಿಕೊಂಡು, ಮಾಗನೂರಿನಿಂದ ಆಟೋ ಹಿಡಿದು ಬಂದವಳ ಓಢಣಿಯ ಮೇಲೆ ಯಾರೋ ಎರಚಿದ ಗುಲಾಲು ಇತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು ನಿಂತುಬಿಟ್ಟಳು. ಆಮೇಲೆ ಒಳಗೆ ಬಂದು ಬುಗ್ಗಮ್ಮನ ಎದುರು ಕುಸಿದು ಕೂತಳು.

"ಫೋನಿನಾಗ ಹೇಳಿಬಿಡಬೇಕಿತ್ತು," ಎಂದು ಅತ್ತಳು. "ಹೇಳುವಾಗ ಆಕಿ ಮುಖ ನೋಡಬೇಕು ಅಂತ ಆಸೆ ಮಾಡಿಬಿಟ್ಟೆ."

ಸುನಿತಾ ತಡೆಯಲಾರದೆ ಕೇಳಿದಳು. "ಏನು ಬಂತ್ರಿ ಅಕ್ಕ?"

ಅಳುತ್ತಿದ್ದವರೂ ಅಳು ನಿಲ್ಲಿಸಿದರು. ಕಾವ್ಯ ಉತ್ತರವನ್ನು, ಮೊದಲು ಕೇಳಿದ್ದ ಬುಗ್ಗಮ್ಮನಿಗೇ ಹೇಳಿದಳು.

"ಅವ್ವ, ಎಮ್ಮೀದು ದನದ ಜಾತಿದು. ನಿಂದು ಮನುಷ್ಯಾರ ಜಾತಿದು. ಬರಹನ ಬ್ಯಾರೆ. ನಿಂದು ಅದಕ್ಕ ಹೋಗಿಲ್ಲ, ಅದರದು ನಿನಗ ಬಂದಿಲ್ಲ."

ಬುಗ್ಗಮ್ಮ ಹಾಗೆಯೇ ಕೂತಿದ್ದಳು. ಅವಳ ಬದಲು ಹುಸೇನಮ್ಮ ಕೇಳಿದಳು. "ಮತ್ತ ಆಕಿಗೆ ಎಲ್ಲಿಂದ ಬಂತು?"

"ಯಾರೋ ಮನುಷ್ಯಾರಿಂದ."

ಯಂಕಣ್ಣ ಯಾವಾಗಲೋ ಹೊಸ್ತಿಲಿಗೆ ಬಂದಿದ್ದ. ತನ್ನ ಬಲಗೈ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಇಲ್ಲಿ ನನಗೊಂದಿತ್ತು," ಎಂದ. "ಲಗ್ನ ಆದ ವರ್ಷ. ಕುದುರಿ ಬಾಲದ ಕೂದಲ ಬಿಗಿದು ಕಟ್ಟಿ ಉದುರಿಸಿಕೊಂಡಿದ್ದೆ. ಕುರುಬರ ಮಂದಿ ನೋಡ್ರಿ, ಆಕಿಗೆ ಬಂದಾಗ ಕುರಿ ನೋಡಿದ್ವಿ, ಎಮ್ಮಿ ನೋಡಿದ್ವಿ. ನನ್ನ ಯಾರೂ ನೋಡಲಿಲ್ಲ. ನಾನೂ ನೋಡಿಕೊಳ್ಳಲಿಲ್ಲ."

"ಇರಬಹುದು ಕಾಕಾ. ಯಾರಿಂದ ಅಂತ ಹೇಳಾಕಾಗಂಗಿಲ್ಲ."

ಹೆಂಗಸರೆಲ್ಲ ತಮ್ಮ ತಮ್ಮ ಕೈ ನೋಡಿಕೊಳ್ಳತೊಡಗಿದರು. ಸೊಂಟ ಹಿಡಿದವಳು ತನಗೆ ಚಿಕ್ಕಂದಿನಲ್ಲಿ ಮೊಣಕಾಲ ಮೇಲೆ ಇದ್ದದ್ದನ್ನು ನೆನೆಸಿಕೊಂಡಳು. ಹುಸೇನಮ್ಮ, ತನ್ನ ಅಂಗಾಲಿನದು ನರಹುಲಿಯೋ ಆಣಿಯೋ ಎಂದು ಕಾವ್ಯಳನ್ನು ಕೇಳಲು ಬಾಯಿ ತೆರೆದು, ಹೆಣದ ಮುಂದೆ ಸರಿಯಲ್ಲವೆಂದು ಮುಚ್ಚಿಕೊಂಡಳು. ಆದರೆ ಬಳೆಗೆ ಯಾರೂ ಕೈ ಚಾಚಲಿಲ್ಲ.

"ಅಕ್ಕ," ಅಂದಳು ಸುನಿತಾ, "ನಾ ಮುಟ್ಟಿದ್ರ ಎಮ್ಮಿಗೆ ಹೋಗಂಗಿಲ್ಲ ಅಂದ್ರಿ. ನನಗ?"

ಇಲ್ಲ ಎಂದು ಹೇಳಿಬಿಡುವ ಆಸೆ ಕಾವ್ಯಳ ಮುಖದಲ್ಲಿ ಕಾಣುತ್ತಿತ್ತು. ಹೇಳಲಿಲ್ಲ.

"ಮನುಷ್ಯಾರಿಂದ ಮನುಷ್ಯಾರಿಗೆ ಬರತೈತಿ. ಒಮ್ಮೆ ಹಿಡಿದ್ರ ಬರೂದು ಬಾಳ ಕಡಿಮಿ. ಬರೂದ ಇಲ್ಲ ಅಂತ ನಾ ಸುಳ್ಳು ಹೇಳಲಾರೆ."

ಸುನಿತಾ ಮಡಿಲ ಬಳೆಗಳನ್ನು ಕೆಳಗಿಟ್ಟು, ಎದ್ದು ಅಡುಗೆಮನೆಗೆ ಹೋದಳು. ಹೋದವಳು ಬರುವುದಿಲ್ಲವೆಂದೇ ಹುಸೇನಮ್ಮ ಬಳೆಯ ಜೊತೆ ಉಡಿ ತುಂಬಲು ಅಕ್ಕಿಗೆ ಕೈ ಹಾಕಿದ್ದಳು. ಅಷ್ಟರಲ್ಲಿ ಅವಳು ಹರಳೆಣ್ಣೆಯ ಬಟ್ಟಲು ಹಿಡಿದು ಬಂದು, ಅತ್ತೆಯ ಮಗ್ಗುಲಲ್ಲಿ ಕೂತು, ಸೆರಗು ಸರಿಸಿದಳು.

ಕೈ ಸೆಟೆದಿತ್ತು. ಎಣ್ಣೆ ಹಚ್ಚಿ ಒಂದೊಂದೇ ಬೆರಳನ್ನು ತಿಕ್ಕಿದಳು. ಗಂಟುಗಳು ಒರಟಾಗಿರುತ್ತವೆ ಎಂದುಕೊಂಡಿದ್ದಳು, ಒರಟಾಗಿಯೇ ಇದ್ದವು. ನಡುವಿನ ಚರ್ಮ ಮಾತ್ರ ಅವಳು ನೆನೆಸದಷ್ಟು ನುಣುಪಾಗಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಈ ಕೈಯನ್ನು ತಾನು ನೋಡಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಅಳುತ್ತಲೇ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ ಅಮುಕಿದಳು. ಮೊದಲ ಬಳೆ ದೊಡ್ಡ ಗಂಟಿನ ಹತ್ತಿರ ತಡೆಯಿತು. ಒಡೆಯಬಾರದೆಂದು ಉಸಿರು ಹಿಡಿದು, ಓರೆ ಮಾಡಿ, ಮೆಲ್ಲಗೆ ದಾಟಿಸಿದಳು. ಉಳಿದವು ಅದರ ಹಿಂದೆ ಹೋದವು. ಇನ್ನೊಂದು ಕೈಗೂ ತೊಡಿಸಿದಳು.

ಆಮೇಲೆ ಭಂಡಾರದ ತಟ್ಟೆ ಎಳೆದುಕೊಂಡು, ಅತ್ತೆಯ ಉಂಗುರದ ಬೆರಳನ್ನು ಅದರೊಳಗೆ ಅದ್ದಿ, ಮುತ್ತೈದೆಯ ಕೈಯ ಆಶೀರ್ವಾದವೆಂದು ಆ ಬೆರಳಿನಿಂದಲೇ ತನ್ನ ಹಣೆಗೆ ಹಚ್ಚಿಕೊಂಡಳು. ಹುಸೇನಮ್ಮ ಮೊಣಕಾಲೂರಿ ಹತ್ತಿರ ಸರಿದಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ತಳ್ಳಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಣೆಯನ್ನು ಆ ಬೆರಳಿನ ಮುಂದೆ ಚಾಚಿದಳು.