ರಾಗಿ ಹೊಲದ ಟೇಪು

ಸುಮಲತಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಊರಿಗಾಂನ ಹಳೇ ಕಂಪನಿ ಕಟ್ಟಡದ ಬಾಗಿಲು ತೆಗೆದರೆ ಕಪಾಟುಗಳೆಲ್ಲ ಖಾಲಿ! ಎಂದೋ ಸುಟ್ಟು ಬೂದಿಯಾದ ಉಪಗ್ರಹವೊಂದು ಸೂರ್ಯನನ್ನು ನೋಡಿ ನೋಡಿ ಕಳಿಸಿದ್ದ ಮಾಹಿತಿಯ ಟೇಪುಗಳು ಅಲ್ಲಿದ್ದವು. ಬೇರೆಲ್ಲೂ ನಕಲಿಲ್ಲ. ಅವನ್ನು ಕಂಪ್ಯೂಟರಿಗೆ ಇಳಿಸುವುದೇ ಅವಳ ಕೆಲಸ. ಆಫೀಸಿನಲ್ಲಿದ್ದ ಟೇಪು ಓದುವ ಯಂತ್ರ ಕೆಟ್ಟು ಕೂತಿತ್ತು. ಕಂಡಕಂಡವರ ಕಾಲು ಹಿಡಿದು, ಬಿಡಿಭಾಗ ಹುಡುಕಿಸಿ, ಮೊನ್ನೆ ತಾನೇ ಅದಕ್ಕೆ ಜೀವ ಬರಿಸಿದ್ದಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಾಗಾಯಿತು.

"ಜಾಗ ಖಾಲಿ ಮಾಡು ಅಂದ್ರು ಮೇಡಂ, ಗುಜರಿಗೆ ಆಕಿ ವಾರ ಆಯ್ತು" ಎಂದ ಕಾವಲುಗಾರ ವಿಜಯಕುಮಾರ್.

"ಯಾರು ಅಂದಿದ್ದು?"

"ಮೇಲಿನವ್ರು."

ಮೇಲಿನವರಂತೆ! ಟೇಪು ಜೋಪಾನ ಎಂದು ಆ ಮೇಲಿನವರಿಗೇ ಅವಳು ಬಾಯಿ ನೋಯುವಷ್ಟು ಹೇಳಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು ಅಷ್ಟೆ.

ಬಂಗಾರಪೇಟೆಯ ಗುಜರಿ ಅಂಗಡಿಗೆ ಓಡಿದಳು. ಅಂಗಡಿಯ ಕಾಂತರಾಜ್ ಎಲೆಅಡಿಕೆ ಉಗಿದು ನಕ್ಕ.

"ಅಯ್ಯೋ, ನಿಮ್ಮಪ್ಪನೇ ಅಷ್ಟೂ ತಗೊಂಡೋದ್ನಲ್ಲಮ್ಮ! ರಾಗಿ ತೆನೆಗೆ ಗುಬ್ಬಿ ಕಾಟ, ಒಲಕ್ಕೆ ಕಟ್ಟೀನಿ ಅಂದ."

ಅಪ್ಪನೇ! ಇಬ್ಬರೂ ದಿನಾ ಒಂದೇ ಮನೆಯಲ್ಲಿ ಉಂಡು ಮಲಗುತ್ತಾರೆ. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವ ಅವಳು ಹೊಲದ ಕಡೆ ತಲೆ ಹಾಕಿಯೇ ಎಷ್ಟು ದಿನವಾಯಿತೋ. ಆದರೂ ಆಸೆ ಚಿಗುರಿತು. ಸುಕ್ಕಾದ ಟೇಪನ್ನು ಬಿಡಿಸಬಹುದು, ಹರಿದದ್ದನ್ನು ಅಂಟಿಸಬಹುದು. ಊರಿಗೆ ಹೋಗುವ ಬೂದಿಕೋಟೆ ಬಸ್ಸಿನಲ್ಲಿ ಕೂತು ನೆನಪಾದ ದೇವರಿಗೆಲ್ಲ ಹರಕೆ ಹೊತ್ತಳು.

ಹೊಲದ ತುಂಬ ಗೂಟದಿಂದ ಗೂಟಕ್ಕೆ ಬಿಗಿದ ಟೇಪು ಗಾಳಿಗೆ ಗುಂಯ್ ಎನ್ನುತ್ತಿತ್ತು. ಅಪ್ಪ ಸೀನಪ್ಪ ಬದುವಿನ ಮೇಲೆ ಮೀಸೆ ತಿರುವುತ್ತ ನಿಂತಿದ್ದ.

"ನೋಡಮ್ಮ, ಎಂಗೆ ಮಿಂಚ್ತದೆ!"

ಅವಳು ಒಂದೆಳೆ ಹಿಡಿದು ನೋಡಿದಳು. ಟೇಪಿನೊಳಗಿಂದ ಆಚೆಯ ತೆನೆ ಕಾಣುತ್ತಿತ್ತು.

"ಅಪ್ಪ, ಇದರ ಕಂದು ಬಣ್ಣ ಏನಾಯ್ತು?"

"ತುಕ್ಕಾ? ಒಂದ್ಕಡೆ ಪೂರ್ತಿ ತುಕ್ಕು ಇಡಿದಿತ್ತು. ಮುಟ್ಟಿದ್ರೆ ಕೈಗೆ ಅಂಟ್ಕೊಳ್ಳೋದು. ತುಕ್ಕಿದ್ರೆ ಮಿಂಚ್ತದಾ? ನೆನೆ ಆಕಿ, ಉಣಸೆಅಣ್ಣಲ್ಲಿ ಬಿಂದಿಗೆ ತಿಕ್ದಂಗೆ ತಿಕ್ದೆ. ತೋಳೇ ಬಿದ್ದೋದ್ವು ಕಣಮ್ಮ."

"ಆ ತುಕ್ಕಲ್ಲೇ ಇತ್ತಪ್ಪ ಎಲ್ಲಾ! ಉಪಗ್ರಹ ಕಳಿಸಿದ್ದೆಲ್ಲ ಅದ್ರಲ್ಲೇ ಇತ್ತು! ನಾನು ಇಷ್ಟು ದಿನ ಬಡ್ಕೊಂಡಿದ್ದು ಇದಕ್ಕೇ!"

ಸೀನಪ್ಪ ಬೆಪ್ಪಾದ. "ನೀನು ಕಂಪೂಟ್ರು ಕೆಲ್ಸ ಅಂದಿದ್ದೆ, ಟೇಪು ಅನ್ಲಿಲ್ವಲ್ಲಮ್ಮ... ಏನು ಕಳ್ಸಿತ್ತು?"

"ಸೂರ್ಯ ಹೆಂಗಿದ್ದ ಅಂತ."

"ಸೂರ್ಯ ದಿನಾ ಬತ್ತಾನಲ್ಲ?"

"ಆವತ್ತಿನ ಸೂರ್ಯ ಬರಲ್ಲಪ್ಪ!" ಎಂದು ಕಿರುಚಿದಳು.

ಅವನು ತನ್ನ ಅಂಗೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಒಂದಿಷ್ಟು ಕಂದು ಉಳಿದಿತ್ತು.

"ಬಿಚ್ಚಿ ಕೊಡ್ಲಾ?"

"ಬೇಡ ಬಿಡು. ಗುಬ್ಬಿನಾದ್ರೂ ಓಡಿಸ್ಲಿ."

ಅಷ್ಟರಲ್ಲಿ ಒಂದು ಗುಬ್ಬಿ ಬಂದು ಆ ಟೇಪಿನ ಮೇಲೆಯೇ ಕೂತಿತು. ಅತ್ತಿತ್ತ ನೋಡಿ, ಬಗ್ಗಿ ತೆನೆ ಕುಕ್ಕತೊಡಗಿತು. ಸುಮಲತ ಹೆಂಟೆ ಎತ್ತಿ ಬೀಸಿ ಒಗೆದಳು. ಗುರಿ ತಪ್ಪಿತು. ಗುಬ್ಬಿ ಕದಲಲಿಲ್ಲ. ಅವಳು ಇನ್ನೊಂದು ಹೆಂಟೆಗೆ ಬಗ್ಗಿದಳು.