ಪಂಕ್ತಿಯ ಕೊನೆಯ ಕತ್ತಲು

ಶಿಕಾರಿಪುರದ ಅಂಗಡಿಯ ಮುಬೀನ್ ಪ್ರೊಜೆಕ್ಟರನ್ನು ಮೂರು ದಿನದ ಮಟ್ಟಿಗೆ ಕೊಟ್ಟಿದ್ದ. ಮನೆಯವರಿಗೆ ಹಿಡಿಸದಿದ್ದರೆ ವಾಪಸ್ ತರಬೇಕು. ಹಿಡಿಸುವುದು ಬಿಡುವುದು ಸೊರಬದ ಆ ಮನೆಯಲ್ಲಿ ಉದಯನ ಕೈಲಿರಲಿಲ್ಲ, ಅಪ್ಪ ಸದಾಶಿವಪ್ಪನ ಕೈಲೂ ಇರಲಿಲ್ಲ. ತೊಗರ್ಸಿಯಿಂದ ದೊಡ್ಡಪ್ಪ ಉಚ್ಚಂಗಪ್ಪ ಬಂದು ನೋಡಿ ಹೂಂ ಅನ್ನಬೇಕಿತ್ತು. ಮೂರು ವರ್ಷದ ಹಿಂದೆ ಉದಯನ ಅಕ್ಕ ಸುನಿತಾಳ ಮದುವೆಯಲ್ಲಿ ಯಾರೂ ಹೆಸರು ಹಿಡಿದು ಊಟಕ್ಕೆ ಕರೆಯಲಿಲ್ಲವೆಂದು ಈ ದೊಡ್ಡಪ್ಪ ನೀರೂ ಮುಟ್ಟದೆ ಹೊರಟು ಹೋಗಿದ್ದರಂತೆ. ಅಂದಿನಿಂದ ಅವರನ್ನು ಸಮಾಧಾನ ಮಾಡುವುದೇ ಅಪ್ಪನ ಕಸುಬು. ಬೋರ್‌ವೆಲ್ ತೆಗೆಸುವ ಜಾಗದಿಂದ ಹಿಡಿದು ಹಾಲ್‌ನ ಬಣ್ಣದವರೆಗೆ ಎಲ್ಲ ದೊಡ್ಡಪ್ಪ ಹೇಳಿದಂತೆ.

ಮೂರು ದಿನ ಉದಯ ಬೇರೆ ಕೆಲಸ ಮುಟ್ಟಿರಲಿಲ್ಲ. ಪ್ರೊಜೆಕ್ಟರಿನ ಯೋಗ್ಯತೆ ಗೊತ್ತಾಗುವುದು ಬೆಳಕಿನಲ್ಲಲ್ಲ, ಕತ್ತಲಲ್ಲಿ, ಕಪ್ಪು ಕೂದಲೂ ಎಳೆ ಎಳೆಯಾಗಿ ಕಾಣಬೇಕು, ಅದಕ್ಕೇ ಬ್ಲ್ಯಾಕ್ ಲೆವೆಲ್ ಅನ್ನುವುದು ಎಂದು ಯೂಟ್ಯೂಬಿನ ಪಂಡಿತರೆಲ್ಲ ಹೇಳಿದ್ದರು. ಅವನು ಬ್ರೈಟ್‌ನೆಸ್ಸನ್ನು ಒಂದೊಂದೇ ಅಂಕ ಏರಿಸಿ ಇಳಿಸಿ, ನೆರಳೊಳಗೆ ಅಡಗಿದ್ದನ್ನೆಲ್ಲ ಹೊರಗೆಳೆದಿದ್ದ.

ಭಾನುವಾರ ಮಧ್ಯಾಹ್ನ ದೊಡ್ಡಪ್ಪ, ದೊಡ್ಡಮ್ಮ ಬಂದು ಕೂತ ಮೇಲೆ ಕಿಟಕಿಗೆ ಕಂಬಳಿ ಕಟ್ಟಿ ಪರೀಕ್ಷೆ ಶುರುವಾಯಿತು. ಉದಯ ಮೊದಲು ಗೋಡೆಯ ಮೇಲೆ ಹಾಕಿದ ಸಮುದ್ರದ ಮೀನುಗಳು ಯಾರಿಗೂ ರುಚಿಸಲಿಲ್ಲ. ಗುರುತಿಲ್ಲದ ಮೀನಿನ ಬಣ್ಣ ಸರಿಯೋ ತಪ್ಪೋ ಹೇಳುವುದು ಹೇಗೆಂದು ದೊಡ್ಡಮ್ಮ ಲೋಕಮ್ಮ ತಕರಾರು ತೆಗೆದು, ಗುರುತಿನ ಮುಖ ಹಾಕು ಅಂದರು. ಸುನಿತಾಳ ಮದುವೆ ವಿಡಿಯೋ ಬಂತು. ಸೀರೆಯ ಜರಿ ಪಾಸಾಯಿತು. ಅಳಿಯನ ಮೂಗು ಫೇಲಾಯಿತು, ಅದರಲ್ಲಿ ಪ್ರೊಜೆಕ್ಟರಿನ ತಪ್ಪೇನೂ ಇರಲಿಲ್ಲ. ಆಮೇಲೆ ಊಟದ ಪಂಕ್ತಿ.

ಟಿವಿಯಲ್ಲಿ ಎಷ್ಟು ಸಲ ನೋಡಿದರೂ ಆ ಪಂಕ್ತಿಯ ಕೊನೆ ಬರೀ ಕತ್ತಲು. ಈಗ ಗೋಡೆಯ ಮೇಲೆ ಮೊದಲು ಕಂಬ ಕಂಡಿತು, ಕಂಬದ ಪಕ್ಕ ಬಾಳೆಲೆ ಕಂಡಿತು, ಎಲೆಯ ಹಿಂದೆ ಆಳೆತ್ತರದ ಉಚ್ಚಂಗಪ್ಪ ಕಂಡರು. ಒಂದು ಕೈಯಲ್ಲಿ ಹೋಳಿಗೆ ಮುರಿಯುತ್ತ, ಇನ್ನೊಂದು ಕೈಯಲ್ಲಿ ತುಪ್ಪದವನನ್ನು ಕರೆಯುತ್ತಿದ್ದರು.



"ಅದು ನಾನಲ್ಲ," ಅಂದರು ದೊಡ್ಡಪ್ಪ. "ಈ ಮಶಿನ್ನು ಇಲ್ಲದವರ್ನೆಲ್ಲ ತಂದು ಕೂರಿಸ್ತೈತಿ. ನಾಳೆ ವಾಪಸ್ ಕೊಟ್ಟು ಬಾರಪಾ."

"ಶಲ್ಯ ನಿಮ್ದೇ ಐತಲ್ರಿ," ಅಂದರು ಲೋಕಮ್ಮ. "ಅವತ್ತು ತುಪ್ಪದ ಕಲೆ ತೆಗೆಯಾಕೆ ನಂಗೆ ಎಲ್ಡು ಸೋಪು ಹಿಡೀತು."

ಅಪ್ಪ ಗೋಡೆಯನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿ ಬಾಯಿ ತೆರೆದರು. ಅವರು ಮಾತಾಡಿದರೆ ದೊಡ್ಡಪ್ಪ ಎದ್ದು ನಡೆಯುವುದು ಖಂಡಿತ, ಹಿಂದೆಯೇ ಪ್ರೊಜೆಕ್ಟರೂ ಶಿಕಾರಿಪುರದ ಬಸ್ಸು ಹತ್ತುತ್ತದೆ. ಉದಯನ ಹೆಬ್ಬೆರಳು ರಿಮೋಟಿನ ಮೇಲೆ ಓಡಿತು. ಬ್ರೈಟ್‌ನೆಸ್ ಇಳಿಯಿತು, ಇನ್ನೂ ಇಳಿಯಿತು. ಮೂರು ದಿನದ ತಪಸ್ಸು, ಕಂಬ, ಎಲೆ, ಹೋಳಿಗೆ, ದೊಡ್ಡಪ್ಪ, ಎಲ್ಲ ಕತ್ತಲಲ್ಲಿ ಮುಳುಗಿದವು.

"ಸೆಟ್ಟಿಂಗ್ ತಪ್ಪಿತ್ತು ದೊಡ್ಡಪ್ಪ. ಈಗ ನೋಡಿ."

ಉಚ್ಚಂಗಪ್ಪ ಕನ್ನಡಕ ಒರೆಸಿಕೊಂಡು ಆ ಮಸಿಯನ್ನು ಬಹಳ ಹೊತ್ತು ಪರೀಕ್ಷಿಸಿದರು.

"ಹಾಂ, ಈಗ ಪಿಕ್ಚರ್ ಭಾಳ ಕ್ಲಿಯರ್ ಐತಿ," ಅಂದರು. "ಇಟ್ಕಳ್ರಿ. ಆದ್ರೆ ಇದನ್ನ ಯಾರೂ ಮುಟ್ಬ್ಯಾಡ್ರಿ."

ಯಾರೂ ಮುಟ್ಟಿಲ್ಲ. ಈಗ ಆ ಮನೆಯಲ್ಲಿ ಯಾವ ಸಿನಿಮಾ ಹಾಕಿದರೂ ಹೀರೋನ ಹಲ್ಲು ಮಾತ್ರ ಕಾಣುತ್ತದೆ. ಬಂದ ನೆಂಟರಿಗೆ ಉದಯ, ಇದಕ್ಕೇ ಬ್ಲ್ಯಾಕ್ ಲೆವೆಲ್ ಅನ್ನುವುದು ಎಂದು ವಿವರಿಸುತ್ತಾನೆ.