ಕಾಜಕ್ಕ ಕಿಟಕಿ ಮುಚ್ಚಿದ್ದು

ಒದ್ದೆ ಹೊದಿಕೆಯ ಒಂದು ತುದಿ ಕಾಜಕ್ಕನ ಕೈಯಲ್ಲಿ, ಇನ್ನೊಂದು ತುದಿ ಕ್ಷೌರದಂಗಡಿಯವನ ಹೆಂಡತಿಯ ಕೈಯಲ್ಲಿ. ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದಾಗ, ಕೊರಳಿಗೆ ಸೀಟಿ ಕಟ್ಟಿಕೊಂಡ ಹುಡುಗಿಯೊಬ್ಬಳು ನಡುವೆ ತಲೆ ತೂರಿಸಿ, "ಅಮ್ಮಾ, ನಾಳೆ ನೀವೆಲ್ಲ ಸ್ವಲ್ಪ ಹೆದರ್ಕೋಬೇಕು" ಎಂದಳು.

"ಯಾರಿಗೆ?"

"ರೌಡಿಗೆ. ನಾವು ಸಿನಿಮಾದೋರು."

"ಎಷ್ಟು ಹೊತ್ತಿಗೆ?" ಎಂದಳು ಕ್ಷೌರದವನ ಹೆಂಡತಿ. "ಹತ್ತಕ್ಕೆ ನಲ್ಲಿ ಬರುತ್ತೆ. ನೀರು ಹಿಡಿದಾದ ಮೇಲೆ ಬೇಕಾದ್ರೆ ಹೆದರ್ಕೊಳ್ಳೋಣ."

ಆ ಓಣಿಯವರ ಹಿರಿಯರು ಬೇರೆ ಸೀಮೆಯಿಂದ ಬಂದವರು. ನಗರದವರದು ಒಂದು ಮನೆಮಾತು, ಓಣಿಯವರದು ಇನ್ನೊಂದು. ಅಲ್ಲಿ ಹಾಡಹಗಲೇ ಚೂರಿ ಆಡುತ್ತದೆ ಎಂದು ನಂಬಿದ್ದ ನಗರದ ಜನ, ಅಂಗಿ ಹೊಲಿಸಲಿಕ್ಕೂ ಕೂದಲು ಕತ್ತರಿಸಿಕೊಳ್ಳಲಿಕ್ಕೂ ಬರುತ್ತಿದ್ದುದು ಅಲ್ಲಿಗೇ. ದರ್ಜಿಗಳು ಹೊಲಿದ ಅಂಗಿಗೆ ಗುಂಡಿ ತೂರುವ ಕಾಜಾಗಳನ್ನು ಕೈಯಿಂದ ಕಟ್ಟಿ ಕಟ್ಟಿ ಮುದುಕಿಯಾದವಳು ಕಾಜಕ್ಕ. ಅವಳ ಸ್ವಂತ ಹೆಸರು ರೇಷನ್ ಕಾರ್ಡಿಗೆ ಮಾತ್ರ ಗೊತ್ತು.

ಹಾಗೆಂದು ಓಣಿ ಭಯವನ್ನೇ ಕಂಡಿರಲಿಲ್ಲವೆಂದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಬ್ಬ ಪುಂಡನಿದ್ದ. ಸುಕ್ಕಿಲ್ಲದ ಅಂಗಿ ತೊಡುತ್ತಿದ್ದ ಅವನನ್ನು ಜನ ಇಸ್ತ್ರಿ ಎಂದು ಕರೆಯುತ್ತಿದ್ದರು. ಕರೆಯುವಾಗ ದನಿ ತಗ್ಗಿಸುತ್ತಿದ್ದರು. ಒಂದು ಮಧ್ಯಾಹ್ನ ಅವನ ಕಡೆಯವರು ಕಾಜಕ್ಕನ ತಂಗಿಯ ಗಂಡನ ಗಡಿಯಾರದಂಗಡಿಗೆ ನುಗ್ಗಿದರು. ತಂಗಿ ಓಡಿ ಬಂದು, "ಅಕ್ಕಾ, ಬಾಗಿಲು ತೆಗಿ" ಎಂದು ಬಡಿದಳು. ಕಾಜಕ್ಕ ಕಿಟಕಿಯಲ್ಲೇ ಇದ್ದಳು. ಇಬ್ಬರ ಕಣ್ಣೂ ಕೂಡಿತು. ಕಾಜಕ್ಕ ಕಿಟಕಿ ಮುಚ್ಚಿದಳು.

ಪ್ರಾಣಕ್ಕೇನೂ ಆಗಲಿಲ್ಲ. ಅಂಗಡಿ ಹೋಯಿತು. ಆ ವಾರವೇ ಗಂಡಹೆಂಡಿರು ಊರು ಬಿಟ್ಟರು. ಇಸ್ತ್ರಿಯೂ ಕಾಲಕ್ರಮದಲ್ಲಿ ಎಲ್ಲರಂತೆ ಮುದುಕನಾಗಿ, ಕೆಮ್ಮಿ ಕೆಮ್ಮಿ ಸತ್ತ. ಸೋದರಮಾವನಿಂದ ವಿಳಾಸ ತರಿಸಿಕೊಂಡು ಕಾಜಕ್ಕ ತಂಗಿಗೆ ಬರೆದ ಕಾಗದ ಮಾತ್ರ ಗುಂಡಿಯ ಡಬ್ಬಿಯಲ್ಲೇ ಉಳಿಯಿತು. ಅಂಚೆಯ ದರ ಏರಿದಾಗಲೆಲ್ಲ ಲಕೋಟೆಗೆ ಇನ್ನೊಂದು ಅಂಚೆಚೀಟಿ ಅಂಟಿಸುವಳು; ಡಬ್ಬಿ ಮುಚ್ಚುವಳು.

ಮರುದಿನ ನೀರು ಹಿಡಿದು, ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಓಣಿಯೆಲ್ಲ ಹೆದರಲು ಸಿದ್ಧವಾಯಿತು. ಆದರೆ ಹೆದರಿಕೆ ಹೇಳಿದ ಹೊತ್ತಿಗೆ ಬರುವ ನೆಂಟನೇ? ರೌಡಿಯ ಕಾರು ಬಂದಾಗ ಹೆಂಗಸರು ಕ್ಯಾಮೆರಾ ನೋಡಿ ನಕ್ಕರು. ಓಡಿ ಅವಿತುಕೊಳ್ಳಬೇಕಾದ ದರ್ಜಿ ಅರ್ಧ ದಾರಿಯಿಂದ ಚಪ್ಪಲಿಗೆಂದು ಹಿಂದಕ್ಕೆ ಬಂದ. ಭಯದಿಂದ ಕತ್ತಿ ಕೆಳಗೆ ಬೀಳಿಸು ಎಂದರೆ, ಕ್ಷೌರದವನು ಅದನ್ನು ಒರೆಸಿ ಟವೆಲ್ಲಿನ ಮೇಲೆ ಮೆಲ್ಲಗಿಟ್ಟ.

"ಬೀಳಿಸ್ರಿ!" ಎಂದು ಕೂಗಿದ ನಿರ್ದೇಶಕ.

"ಮೂವತ್ತು ವರ್ಷದಲ್ಲಿ ಒಂದ್ಸಲ ಬೀಳಿಸಿಲ್ಲ ಸ್ವಾಮಿ. ಗಿರಾಕಿಗಳು ಸಿನಿಮಾ ನೋಡಲ್ವಾ?"

ಎಲ್ಲರಿಗಿಂತ ಹೆಚ್ಚು ಕಾಟ ಕೊಟ್ಟವಳು ಕಾಜಕ್ಕ. ನಟಿ ಓಡಿಬಂದು, "ಅಕ್ಕಾ, ಬಾಗಿಲು ತೆಗೀರಿ" ಎಂದು ಬಡಿಯಬೇಕು. ಕಾಜಕ್ಕ ಕಿಟಕಿ ಮುಚ್ಚಬೇಕು. ಇಷ್ಟೇ. ನಟಿ ಬಡಿದಳು. ಕಾಜಕ್ಕ ಬಾಗಿಲು ತೆಗೆದಳು.

"ಅಮ್ಮಾ, ಕಿಟಕಿ ಮುಚ್ಚಬೇಕು."

"ಗೊತ್ತಪ್ಪ."

ಎರಡನೆಯ ಸಲವೂ ತೆಗೆದಳು. ಮೂರನೆಯ ಸಲ ಕುಡಿಯಲು ನೀರು ಕೊಟ್ಟಳು. ನಾಲ್ಕನೆಯ ಸಲ ನಟಿಯನ್ನು ಒಳಗೆಳೆದು ಚಿಲಕವನ್ನೇ ಹಾಕಿಬಿಟ್ಟಳು. ಹೊರಗೆ ನಿಂತ ರೌಡಿ ಬೆವರೊರೆಸಿಕೊಂಡು, ನೆರಳಿಗೆ ಹೋಗಿ ಕೂತ.

"ಅಮ್ಮಾ, ಹೆದರಿದೋರು ಬಾಗಿಲು ತೆಗೆಯಲ್ಲ!" ನಿರ್ದೇಶಕ ತಲೆ ಚಚ್ಚಿಕೊಂಡ.

"ಅದನ್ನ ನಂಗೆ ಹೇಳಿಕೊಡ್ಬೇಡಪ್ಪ" ಎಂದಳು ಕಾಜಕ್ಕ. ಕ್ಷೌರದವನ ಹೆಂಡತಿ ಮಾತ್ರ ನಗಲಿಲ್ಲ. ಅವಳಿಗೆ ಹಳೆಯದು ಗೊತ್ತಿತ್ತು.

ಏಳನೆಯ ಸಲಕ್ಕೆ ಸೀಟಿ ಹುಡುಗಿಯ ಬುದ್ಧಿ ಓಡಿತು. ಎಲ್ಲರಿಗೂ ಚಹಾ ಮಾಡಲೆಂದು ಕಾಜಕ್ಕ ಒಲೆಯ ಮೇಲೆ ಹಾಲಿಟ್ಟಿದ್ದು ಅವಳಿಗೆ ಕಂಡಿತ್ತು. ನಟಿ ಬಾಗಿಲಿಗೆ ಕೈ ಎತ್ತಿದ್ದೇ ತಡ, "ಅಯ್ಯೋ ಅಮ್ಮಾ, ನಿಮ್ಮ ಹಾಲು ಉಕ್ತು!" ಎಂದು ಹುಡುಗಿ ಚೀರಿದಳು. ಕಾಜಕ್ಕನ ಕಣ್ಣು ಅರಳಿತು, ಬಾಯಿ ತೆರೆಯಿತು. ಕೈ ತಾನಾಗಿ ಕಿಟಕಿಯನ್ನು ಎಳೆದು ಧಡಾರನೆ ಮುಚ್ಚಿತು. ಹೊರಗೆ ಚಪ್ಪಾಳೆ ಬಿತ್ತು. ಹಾಲು ನಿಜಕ್ಕೂ ಉಕ್ಕಿತ್ತು.

ಎಂಟು ತಿಂಗಳಿಗೆ ಸಿನಿಮಾ ಬಂತು. ಓಣಿಯವರೆಲ್ಲ ಎರಡು ಸಾಲು ಹಿಡಿದು ಹಗಲಿನ ಆಟಕ್ಕೆ ಕೂತರು. ಪರದೆಯ ಮೇಲೆ ತಮ್ಮ ಓಣಿ ಮಸಿ ಬಳಿದುಕೊಂಡು ನಡುಗುತ್ತಿತ್ತು. ಇವರು ಹೊಟ್ಟೆ ಹಿಡಿದು ನಗುತ್ತಿದ್ದರು. ಮುಂದಿನ ಸಾಲಿನ ನಗರದ ಹೆಂಗಸೊಬ್ಬಳು ತಿರುಗಿ "ಶ್" ಎಂದು, ತನ್ನ ಗಂಡನಿಗೆ, "ಪಾಪ, ಆ ಜನ ಅಲ್ಲಿ ಹೇಗೆ ಬದುಕ್ತಾರೋ!" ಎಂದಳು.

"ನಲ್ಲೀಲಿ ನೀರು ಹಿಡ್ಕೊಂಡು ಬದುಕ್ತೀವಿ, ತಾಯಿ" ಎಂದಳು ಕ್ಷೌರದವನ ಹೆಂಡತಿ.

ಆಗ ಕಾಜಕ್ಕನ ಮುಖ ಬಂತು, ಗೋಡೆಯಷ್ಟು ದೊಡ್ಡದಾಗಿ. "ಅಕ್ಕಾ, ಬಾಗಿಲು ತೆಗೀರಿ." ಕಿಟಕಿ ಮುಚ್ಚಿತು. ಮುಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. "ನೋಡ್ರೋ, ಕಾಜಕ್ಕನ ಹಾಲು!" ಎಂದು ದರ್ಜಿ ಕೂಗಿದ, ಎರಡು ಸಾಲೂ ಗೊಳ್ಳೆಂದಿತು. ಕಾಜಕ್ಕ ಮಾತ್ರ ಇಂಗು ತಿಂದ ಮಂಗನಂತೆ ಕೂತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕೈ ಅವಳದು.

ಮಂಗಳವಾರ ಕ್ಷೌರದವನು ಅಂಗಡಿಯ ಮೆಟ್ಟಿಲಲ್ಲಿ ಕೂತು ಪತ್ರಿಕೆ ಓದಿ ಹೇಳಿದ. "ಕೇಳು ಕಾಜಕ್ಕ. 'ಆ ಮುದುಕಿಯ ಕಣ್ಣಲ್ಲಿ ತಲೆತಲಾಂತರದ ಭಯವಿದೆ.' ಅರ್ಧ ಲೀಟರ್ ಹಾಲಿಗೆ ಎಂಥಾ ಮರ್ಯಾದೆ! ಶುಕ್ರವಾರದಿಂದ ಎಲ್ಲ ಊರಲ್ಲೂ ಬಿಡ್ತಾರಂತೆ. ನಿನ್ನ ತಂಗಿ ಊರಿನ ಟಾಕೀಸೂ ಇದೆ ಈ ಪಟ್ಟೀಲಿ."

ಕಾಜಕ್ಕನ ಕೈಯ ಸೂಜಿ ನಿಂತಿತು. ಅಕ್ಕ ಕಿಟಕಿ ಮುಚ್ಚಿದ್ದನ್ನು ತಂಗಿ ಒಂದು ಸಲ ನೋಡಿದ್ದು ಸಾಲದೆ? ಶುಕ್ರವಾರ ಇನ್ನೊಂದು ಸಲ ನೋಡಬೇಕೆ, ಅದೂ ಟಿಕೆಟ್ ಕೊಂಡು? ಕಾಗದ ತಲುಪಲು ಎರಡು ದಿನ ಬೇಕು.

ಮನೆಗೆ ಬಂದು ಡಬ್ಬಿ ತೆಗೆದು, ಲಕೋಟೆಯ ಬಾಯನ್ನು ಸೂಜಿಯಿಂದ ಬಿಡಿಸಿ ಹಳೆಯ ಕಾಗದ ಓದಿದಳು. ನಾಲ್ಕು ಪುಟ. ಮಂಡಿನೋವು, ಸೆಖೆ, ನೂಲಿನ ಬಣ್ಣ ಬಿಡುವುದು, ಮಾವನ ಕಣ್ಣಿನ ಪೊರೆ. ಬರೆಯಬೇಕಾದ್ದೊಂದನ್ನು ಬಿಟ್ಟು ಎಲ್ಲವೂ ಇತ್ತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. "ಇಂಥದ್ದನ್ನ ಹಾಕದೇ ಇದ್ದದ್ದೇ ಒಳ್ಳೇದಾಯ್ತು" ಎಂದು ತನ್ನನ್ನೇ ಬೈದುಕೊಂಡು, ನಾಲ್ಕೂ ಪುಟವನ್ನು ತೆಗೆದಿಟ್ಟು, ಹೊಸ ಹಾಳೆಯಲ್ಲಿ ಬರೆದಳು:

"ತಂಗೀ, ಸಿನಿಮಾದಲ್ಲಿ ನಾನು ಕಿಟಕಿ ಮುಚ್ಚಿದ್ದು ಹಾಲು ಉಕ್ಕಿತೆಂದು. ಅವತ್ತು ಮುಚ್ಚಿದ್ದು ಹೆದರಿ. ಅವತ್ತು ಒಲೆಯ ಮೇಲೆ ಏನೂ ಇರಲಿಲ್ಲ. ತಪ್ಪು ನನ್ನದು. ಬಾ. ನೀನು ಬಡಿಯುವುದೂ ಬೇಡ, ಬಾಗಿಲು ತೆಗೆದೇ ಇರುತ್ತದೆ. ನಿನ್ನ ಅಕ್ಕ."

ಅಂಟು ಹಚ್ಚುತ್ತಿದ್ದಾಗ ಕ್ಷೌರದವನ ಹೆಂಡತಿ ಬಂದಳು. ಲಕೋಟೆ ತಿರುವಿ ನೋಡಿ, "ಇಷ್ಟು ಸ್ಟಾಂಪ್ ಅಂಟಿಸಿದ್ದೀಯಲ್ಲ, ಇದು ಹಾರ್ಕೊಂಡೇ ಹೋಗುತ್ತೆ ಬಿಡು" ಎಂದಳು. ಆಮೇಲೆ ಮೆಲ್ಲಗೆ, "ಉತ್ತರ ಬರದಿದ್ರೆ?"

"ಬರದಿದ್ರೆ ಏನು ಮಾಡೋದು? ಇಪ್ಪತ್ತೆರಡು ವರ್ಷ ಅವಳು ಕಾದಳು. ಈಗ ನನ್ನ ಸರದಿ."

ಓಣಿಯ ಮೂಲೆಯ ಅಂಚೆಡಬ್ಬಿಯ ಮುಂದೆ, ಚೀಲ ತುಂಬಿಕೊಳ್ಳಲು ಬಂದ ಅಂಚೆಯವನು ಬೀಗದ ಕೈ ಹಿಡಿದು ನಿಂತಿದ್ದ. ಕಾಜಕ್ಕ ಲಕೋಟೆಯನ್ನು ಡಬ್ಬಿಯ ಬಾಯಿಗೆ ತೂರಿಸಿದಳು. ಅರ್ಧ ಒಳಗೆ ಹೋಯಿತು. ಇನ್ನರ್ಧ ಅವಳ ಬೆರಳುಗಳ ನಡುವೆ ಉಳಿಯಿತು.

"ಬಿಡ್ರಮ್ಮ, ಬಸ್ಸಿಗೆ ಹೊತ್ತಾಯ್ತು" ಎಂದ ಅಂಚೆಯವನು. "ಡಬ್ಬಿಗೆ ಹೆದರ್ತೀರಾ? ಸಿನಿಮಾದಲ್ಲಿ ನೋಡಿದೆ ನಿಮ್ಮನ್ನ. ಅಬ್ಬಾ!"

"ಅದು ಹಾಲಪ್ಪ" ಎಂದು ಕಾಜಕ್ಕ ಲಕೋಟೆಯನ್ನು ಒಳಗೆ ಬಿಟ್ಟಳು.